ಯಜಮಾನರ ದನಿಯಲ್ಲಿ ಒಂದು ಫೋನು

ಗಾಜು ಒಡೆಯುವ ಸದ್ದು ಇಷ್ಟು ಸಣ್ಣದಾ, ಅನ್ನದಲ್ಲಿ ಕಲ್ಲು ಕಡಿದ ಹಾಗೆ ಕಟಕ್ಕೆಂದು ಸುಮ್ಮನಾಯಿತು, ಆದರೆ ನೀಲಾಂಬಿಕೆ ಬಸ್ಸಿನ ಮುಂದಿನ ಗಾಜಿನ ಉದ್ದಗಲಕ್ಕೂ ಬಿರುಕು ಹರಿದು ಜೇಡರ ಬಲೆಯಾಯಿತು, ಬಲೆಯ ಹಿಂದೆ ಸ್ಟೇರಿಂಗಿಗೆ ಎದೆ ಕೊಟ್ಟು ಕೂತ ಡ್ರೈವರ್ ಧರ್ಮಪ್ಪನ ಮುಖ ಚೂರುಚೂರಾಗಿ ಕಂಡಿತು, ಒಂದು ಚೂರಿನಲ್ಲಿ ಕಣ್ಣು, ಒಂದರಲ್ಲಿ ಕಿವಿಗೆ ಸಿಕ್ಕಿಸಿದ ಬೀಡಿ, ನಡುವಿನ ದೊಡ್ಡ ಚೂರಿನಲ್ಲಿ ಬಾಯಿ, ಮುಚ್ಚಿದ ಬಾಯಿ, ಗೀರು ಎಳೆದಂಥ ಬಾಯಿ — ಆ ಬಸ್ಸಿನ ಏಜೆಂಟ್ ಕಾಂತೇಶ ಕೊಪ್ಪದ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಗಣಪಯ್ಯನ ಚಾ ಅಂಗಡಿಯ ಕಂಬಕ್ಕೆ ಹೊಡೆದಿರುವ ಒಂದು ರೂಪಾಯಿ ಫೋನಿನ ಪಕ್ಕ ನಿಂತಿದ್ದಾನೆ, ರಿಸೀವರಿನ ಬಿಸಿ ಇನ್ನೂ ಅಂಗೈಯಲ್ಲಿದೆ, ತಲೆಯೊಳಗೆ ಒಂದು ಸಾಲು ತನ್ನಷ್ಟಕ್ಕೆ ಟೈಪಾಗುತ್ತಿದೆ, ಇದು ನಿಜವಾಗಿ ನಡೆದ ಘಟನೆ, ಹೆಸರುಗಳನ್ನು ಮಾತ್ರ ಬದಲಿಸಿದೆ, ಎಂಬಿಎ ಎರಡನೇ ವರ್ಷದ ನಾಯಕತ್ವದ ಪತ್ರಿಕೆಗೆ ಒಪ್ಪಿಸಬೇಕಾದ ವರದಿ ಹೀಗೆ ಶುರುವಾಗಬೇಕೆಂದು ನಿನ್ನೆ ಶಿವಮೊಗ್ಗದ ಕ್ಲಾಸಿನಿಂದ ವಾಪಸು ಬರುವಾಗಲೇ ನಿರ್ಧರಿಸಿದ್ದ, ಹೆಸರು ಬದಲಿಸಬಹುದು, ಆದರೆ ಆ ಕಬ್ಬಿಣವನ್ನು ಏನೆಂದು ಬದಲಿಸುವುದು, ಗಾಜಿಗೆ ಹೊಡೆದವನು ಎದುರು ಕಂಪನಿಯ ಏಜೆಂಟ್ ನವೀನ, ಅವನ ಕೈಯಲ್ಲಿರುವುದು ಜಾಕಿನ ಲಿವರ್, ಪುಸ್ತಕದಲ್ಲಿ ಲೀಡರ್ ಎಂದು ಇದ್ದದ್ದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಲಿವರ್ ಆಗಿಬಿಟ್ಟಿತಲ್ಲ ಎಂದು ಕಾಂತೇಶನಿಗೆ ನಗು ಬಂತು, ಇಂಥ ಹೊತ್ತಿನಲ್ಲೂ ಬಂತು, ಅದು ಅವನ ಕಾಯಿಲೆ, ಹೆಣದ ಮುಂದೆ ಕೂರಿಸಿದರೂ ಪದ ತಿರುಚ್ತಾನೆ ಇವನು ಎಂದು ಅವ್ವ ಬಯ್ಯುವುದು ಸುಳ್ಳಲ್ಲ.

ತಮಾಷೆ, ಬರೀ ತಮಾಷೆ, ಐದು ನಿಮಿಷದ ತಮಾಷೆ ಮಾಡಿ ಮುಗಿಸುವುದಿತ್ತು, ಬೆಳಿಗ್ಗೆ ನರಸಿಂಹರಾಜಪುರದಿಂದ ಬಂದ ಬಸ್ಸನ್ನು ನಿಲ್ಲಿಸಿ ಧರ್ಮಪ್ಪ ಏಜೆನ್ಸಿ ಕೋಣೆಯೊಳಗೆ ಬಂದು ಕೂತಿದ್ದ, ದಿನಾ ಕೂರುವ ಹಾಗೆ, ಕಾಂತೇಶನ ಕುರ್ಚಿಯಲ್ಲೇ, ಕಾಂತೇಶನ ಪುಸ್ತಕದ ಮೇಲೇ ಮೊಣಕೈ ಊರಿ, ಎಂತ ಮಾರಾಯ ನಿನ್ನೆ ಹೋಗಿದ್ಯಾ ಶಾಲೆಗೆ, ಈ ಎಂಬಿಎ ಅಂದ್ರೆ ಮೂರು ಬಸ್ಸಿನ ಅಟೆಂಡರ್ ಅಂತ ಹೌದನಾ — ಎಂದು ಕೇಳಿದ್ದ, ನಗದೆ ಕೇಳಿದ್ದ, ಅವನು ನಗುವುದೇ ಇಲ್ಲ, ಕಂಡಕ್ಟರ್ ರಂಗಪ್ಪ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಕಾಂತೇಶನಿಗೂ ಒಳಗೊಳಗೇ ಭೇಷ್ ಅನ್ನಿಸಿತ್ತು, ಎಂ ಬಿ ಎ, ಮೂರು ಬಸ್ಸಿನ ಅಟೆಂಡರ್, ತನಗೇ ಹೊಳೆಯಬೇಕಿತ್ತು ಇದು, ಪದ ತಿರುಚುವವನ ಪದವನ್ನೇ ತಿರುಚಿಬಿಟ್ಟ ಡ್ರೈವರು, ಕಂಪನಿಗೆ ಇರುವುದೂ ಮೂರೇ ಬಸ್ಸು, ಯಜಮಾನರ ಹೆಂಡತಿಯ ಹೆಸರಿನ ಮೂರು ಬಸ್ಸು, ಸುಳ್ಳೇನು ಹೇಳಿದ — ಚಾ ಕುಡಿದು ಬರ್ತೀನಿ, ಫೋನು ಬಂದ್ರೆ ಎತ್ತು ಧರ್ಮಣ್ಣಾ ಎಂದು ಕಾಂತೇಶ ಸ್ಟ್ಯಾಂಡು ದಾಟಿ ಗಣಪಯ್ಯನ ಅಂಗಡಿಗೆ ಬಂದ, ನಾಣ್ಯ ಹಾಕಿದ, ತಗಡಿನ ಹೊಟ್ಟೆಯೊಳಗೆ ಅದು ಠಣ್ಣನೆ ಬಿತ್ತು, ತನ್ನದೇ ಏಜೆನ್ಸಿಯ ನಂಬರು ಒತ್ತಿದ, ಎದುರಿನ ಕೋಣೆಯಲ್ಲಿ ಗಂಟೆ ಬಾರಿಸಿದ್ದು ಒಂದು ಕಿವಿಗೆ ನೇರವಾಗಿ, ಇನ್ನೊಂದು ಕಿವಿಗೆ ತಂತಿಯೊಳಗಿಂದ ಕೇಳಿತು, ಗದ್ದವನ್ನು ಎದೆಗೆ ಒತ್ತಿಕೊಂಡ, ಹಾಗೆ ಒತ್ತಿದರೆ ಯಜಮಾನ್ ಶಾಂತವೀರಪ್ಪನವರು ಗಂಟಲೊಳಗೆ ಬಂದು ಕೂರುತ್ತಾರೆ, ಮೊದಲು ಒಂದು ಹ್ಞೂಂ, ಹೊಟ್ಟೆಯ ತಳದಿಂದ ಎತ್ತಿದ ಹ್ಞೂಂ, ಆಮೇಲೆ ಮಾತು. ಹ್ಞೂಂ, ಯಾರು, ಧರ್ಮಪ್ಪನಾ, ಕೇಳಿಲ್ಲಿ ತಮ್ಮಾ, ಬಸ್ಸನ್ನ ಸ್ಟ್ಯಾಂಡಿನ ಬಾಯಿಗೆ ಅಡ್ಡ ಹಾಕು, ಆ ನವೀನನ ಹಳದಿ ಬಸ್ಸು ಹೊರಗೆ ಹೋಗಬಾರದು, ನಾನು ಬರೋತನಕ ತೆಗೀಬೇಡ. ಇನ್ನೊಂದ್ಸಲ ಹೇಳಿ ಯಜಮಾನ್ರೇ, ಎಂದ ಧರ್ಮಪ್ಪ. ಅಲ್ಲಿಗೆ ನಿಲ್ಲಿಸಬಹುದಿತ್ತು, ಥೂ ಧರ್ಮಣ್ಣ ನಾನು ಮಾರಾಯ ಎನ್ನಬಹುದಿತ್ತು, ಆದರೆ ಇನ್ನೊಂದ್ಸಲ ಎಂದರೆ ಸಾಕು, ಮಿಮಿಕ್ರಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಚಪ್ಪಾಳೆ ಯಾವುದಿದೆ, ಕಾಂತೇಶ ಇನ್ನೊಂದು ಸಲ ಹೇಳಿದ, ಇನ್ನೂ ಗಡುಸಾಗಿ ಹೇಳಿದ, ಕೊನೆಗೆ ತಾನು ಅಂದುಕೊಂಡೇ ಇರದ ಒಂದು ಮಾತು ಬಾಯಿಂದ ಜಾರಿತು — ಯಾರಾದ್ರೂ ಕೈ ಮಾಡಿದ್ರೆ ಆ ಕೈ ಮುರಿ — ಇದನ್ನು ಯಾರು ಹೇಳಿದ್ದು, ಯಜಮಾನರು ಜನ್ಮದಲ್ಲಿ ಇಂಥ ಮಾತಾಡಿದವರಲ್ಲ, ಕಾಂತೇಶನೂ ಅಲ್ಲ, ಮಧ್ಯದಲ್ಲಿ ಯಾರೋ ಮೂರನೆಯವನು ಗಂಟಲಿಗೆ ಬಂದು ಹೇಳಿ ಹೋದ. ಆಯ್ತು ಯಜಮಾನ್ರೇ ಎಂದು ಧರ್ಮಪ್ಪ ಫೋನು ಇಟ್ಟ.

ಆ ಮೂರನೆಯವನು ಯಾರೆಂದು ಕಾಂತೇಶನಿಗೆ ಗೊತ್ತು, ನಿನ್ನೆಯಿಂದ ಒಳಗೆ ಕೂತು ಹಲ್ಲು ಮಸೆಯುತ್ತಿದ್ದಾನೆ ಅವನು, ಭಾನುವಾರದ ಕ್ಲಾಸು, ಶಿವಮೊಗ್ಗದ ಕಾಲೇಜಿನ ಮೇಲಿನ ಮಹಡಿ, ಬ್ಯಾಂಕಿನವರು, ಸಕ್ಕರೆ ಕಾರ್ಖಾನೆಯವರು, ಒಬ್ಬ ಆಸ್ಪತ್ರೆ ಮ್ಯಾನೇಜರು, ಎಲ್ಲರ ಹಿಂದೆ ಕೊನೆ ಬೆಂಚಿನಲ್ಲಿ ಕೊಪ್ಪದ ಬಸ್ ಏಜೆಂಟು, ಸುಮನಾ ಮೇಡಂ ಅಧಿಕಾರದ ಬಗ್ಗೆ ಹೇಳುತ್ತಿದ್ದರು, ಆಜ್ಞೆ ಮೇಲಿನಿಂದ ಕೆಳಗೆ ಬರುತ್ತದೆ ಎಂದುಕೊಂಡಿದ್ದೀರಿ ನೀವು, ಅದು ಕೆಳಗಿನವನ ಕಿವಿಯಲ್ಲಿ ಹುಟ್ಟುತ್ತದೆ, ಅವನು ಒಪ್ಪಿದರೆ ಆಜ್ಞೆ, ಒಪ್ಪದಿದ್ದರೆ ಬರೀ ಸದ್ದು — ಕಾಂತೇಶ ನೋಟ್ಸಿನ ಅಂಚಿನಲ್ಲಿ ಅಧಿಕಾರ ಅಂದರೆ ಅಧಿಕ ಖಾರ ಎಂದು ಬರೆದು ಪಕ್ಕದವನಿಗೆ ತೋರಿಸಿದ್ದ, ಊಟದ ಬಿಡುವಿನಲ್ಲಿ ಮೇಡಮ್ಮಿನದೇ ದನಿ ತೆಗೆದು, ಅವರದೇ ಹಾಗೆ ಕನ್ನಡಕ ಮೇಲಕ್ಕೆ ತಳ್ಳಿ, ನೀವು ಒಪ್ಪಿದರೆ ಇದು ಉಪ್ಪಿಟ್ಟು, ಒಪ್ಪದಿದ್ದರೆ ಬರೀ ರವೆ ಎಂದ, ಬೆಂಚು ಕುಟ್ಟಿ ನಕ್ಕರು ಎಲ್ಲರೂ, ಮೇಡಂ ಬಾಗಿಲಲ್ಲಿ ನಿಂತಿದ್ದರು, ಅವರೂ ನಕ್ಕರು, ನಕ್ಕು ಆಮೇಲೆ ಬಹಳ ಮೃದುವಾಗಿ, ಕಾಂತೇಶ್, ಇದು ನನ್ನ ದನಿ, ನಿಮ್ಮ ದನಿಯಲ್ಲಿ ಹೇಳಿ ಇಲ್ಲಿರುವ ಒಬ್ಬರನ್ನಾದರೂ ಎಬ್ಬಿಸಿ ನಿಲ್ಲಿಸಿ ನೋಡೋಣ ಎಂದರು. ಎದ್ದು ನಿಲ್ಲಿ ಎಂದ ಕಾಂತೇಶ. ಅವನ ಸ್ವಂತದ ದನಿ, ಅದನ್ನು ಅವನೇ ಕೇಳಿ ಬಹಳ ದಿನವಾಗಿತ್ತು, ತೆಳ್ಳಗೆ, ಸೈಕಲ್ ಬೆಲ್ಲಿನ ಹಾಗೆ, ಎದ್ದು ನಿಲ್ಲಿ, ಯಾರೂ ಏಳಲಿಲ್ಲ, ಇನ್ನೊಂದು ಸಲ ಹೇಳಿದ, ಈ ಸಲದ ನಗು ಮೊದಲಿನದ್ದಕ್ಕಿಂತ ಜೋರಾಗಿತ್ತು, ಬ್ಯಾಂಕಿನವನು ಟಿಫನ್ ಡಬ್ಬಿ ಎತ್ತಿಕೊಂಡು ಎದ್ದು ನಿಂತು ನಾನು ಕೈ ತೊಳೆಯೋಕೆ ಎದ್ದಿದ್ದು, ನಿಮಗಲ್ಲ ಎಂದ — ಬರುವಾಗ ತೀರ್ಥಹಳ್ಳಿತನಕ ಕಿಟಕಿಯ ಸರಳು ಹಿಡಿದು ಕೂತು ಆ ಬ್ಯಾಂಕಿನವನ ಮೂಗಿಗೆ ಡಬ್ಬಿಯಿಂದಲೇ ಹೊಡೆದ, ಮೂಳೆ ಕರುಕ್ ಎನ್ನುವತನಕ ಹೊಡೆದ, ಮನಸ್ಸಿನಲ್ಲಿ, ಒಂದೊಂದು ತಿರುವಿಗೂ ಒಂದೊಂದು ಏಟು, ಡಬ್ಬಿ ನುಗ್ಗಾಯಿತು, ಮೂಗು ಚಟ್ನಿಯಾಯಿತು, ಆದರೂ ಅವನು ನಗುತ್ತಲೇ ಇದ್ದ, ಮುಂದಿನ ವಾರ ನಿಮ್ಮ ನಿಮ್ಮ ಸಂಸ್ಥೆಯಲ್ಲಿ ಅಧಿಕಾರ ಎಲ್ಲಿ ಕೂತಿದೆ ಎಂದು ಪರೀಕ್ಷೆ ಮಾಡಿಕೊಂಡು ಬನ್ನಿ ಎಂದು ಮೇಡಂ ಎಲ್ಲರಿಗೂ ಹೇಳಿದ್ದರು, ಪುಸ್ತಕದಿಂದ ಬರೆಯಬೇಡಿ, ಮಾಡಿ ನೋಡಿ. ಮಾಡಿ ನೋಡಿದ. ನೋಡುತ್ತಿದ್ದಾನೆ.

ಧರ್ಮಪ್ಪ ಕೆಳಗಿಳಿಯುತ್ತಿದ್ದಾನೆ, ಇಳಿಯಬೇಡ ಮಾರಾಯ, ಬಸ್ಸು ಸ್ಟ್ಯಾಂಡಿನ ಬಾಯಿಗೆ ಅಗುಳಿಯ ಹಾಗೆ ಅಡ್ಡ ಕೂತಿದೆ, ಈ ಕಡೆ ಒಂದು ಆಳು ನುಸುಳುವಷ್ಟು, ಆ ಕಡೆ ಅದೂ ಇಲ್ಲ, ಹಿಂದೆ ಹಳದಿ ಬಸ್ಸು ಹಾರ್ನು ಒತ್ತಿ ಹಿಡಿದು ಒರಲುತ್ತಿದೆ, ಹಳದಿ ಬಸ್ಸಿಗೆ ನೀಲಾಂಬಿಕೆಗಿಂತ ಮುಂಚಿನ ಟೈಮು, ಆದರೆ ಟೈಮಿಗೆ ಹೊರಡುವುದಿಲ್ಲ ಅದು, ಎಂಜಿನ್ ಗುರುಗುಟ್ಟಿಸುತ್ತ ನಿಂತು ನೀಲಾಂಬಿಕೆಯ ಜನವನ್ನೂ ಹತ್ತಿಸಿಕೊಂಡು, ಇದು ಹೊರಡುವ ಹೊತ್ತಿಗೆ ಮುಂದೆ ಹಾರಿ, ಹರಿಹರಪುರದಿಂದ ಶೃಂಗೇರಿತನಕ ರಸ್ತೆಯಲ್ಲಿ ಕೈ ಚಾಚಿದವರನ್ನೆಲ್ಲ ಬಾಚಿಕೊಂಡು ಹೋಗುತ್ತದೆ, ವರ್ಷಗಳಿಂದ ಹೀಗೇ, ಕಳೆದ ತಿಂಗಳು ಧರ್ಮಪ್ಪ ಅದನ್ನೇ ಕೇಳಲು ಹೋದ, ಎಂತ ನವೀನ ಇದು ನ್ಯಾಯನಾ ಎಂದ, ಅಷ್ಟೇ, ನವೀನ ಕೆನ್ನೆಗೆ ಬಾರಿಸಿದ, ಸ್ಟ್ಯಾಂಡಿನ ಜನರೆದುರು, ಬಸ್ಸಿನೊಳಗೆ ಕಿಟಕಿ ಪಕ್ಕ ಧರ್ಮಪ್ಪನ ಮಗಳು ಗಗನಾ ಕೂತಿದ್ದಳು, ಶೃಂಗೇರಿ ಕಾಲೇಜಿಗೆ ಹೊರಟವಳು, ಏಟಿಗೆ ಅಪ್ಪನ ಟೊಪ್ಪಿ ಬಿದ್ದುಹೋಯಿತು, ಧರ್ಮಪ್ಪ ಟೊಪ್ಪಿ ಎತ್ತಿಕೊಂಡು ಮಣ್ಣು ಕೊಡವಿ ತಲೆಗೆ ಇಟ್ಟು ಸೀಟಿಗೆ ಹೋಗಿ ಕೂತ, ಬಾಯಿ ಮುಚ್ಚಿಯೇ ಇತ್ತು, ಮಗಳ ಕಡೆ ತಿರುಗಲಿಲ್ಲ, ಮಗಳೂ ಕನ್ನಡಿಯಲ್ಲಿ ಅಪ್ಪನ ಮುಖ ನೋಡದೆ ಹೊರಗೆ ನೋಡಿದಳು, ಮಾರನೆಯ ದಿನದಿಂದ ಅವಳು ಹಳದಿ ಬಸ್ಸಿಗೂ ಹತ್ತಲಿಲ್ಲ, ಇದಕ್ಕೂ ಹತ್ತಲಿಲ್ಲ, ಮೊದಲ ಸರ್ಕಾರಿ ಬಸ್ಸಿಗೆ ಹೋಗತೊಡಗಿದಳು. ಯಜಮಾನರು ನರಸಿಂಹರಾಜಪುರದಿಂದ ಅವತ್ತೇ ಬಂದರು, ಹೆಗಲ ಮೇಲೆ ಕೈ ಇಟ್ಟರು, ನಮ್ದು ಮರ್ಯಾದಸ್ಥರ ಕಂಪನಿ ಧರ್ಮಪ್ಪ, ಕೈ ಎತ್ತೋನು ಕೀಲಿಕೈ ಕೊಟ್ಟು ಹೋಗ್ಬೇಕಾಗ್ತದೆ ಎಂದರು, ಬಹಳ ಪ್ರೀತಿಯಿಂದ ಹೇಳಿದರು, ಧರ್ಮಪ್ಪ ಅವರ ಕಾಲು ಮುಟ್ಟಿದ, ಕಾಂತೇಶ ಅದನ್ನು ಹೋದ ತಿಂಗಳ ಅಸೈನ್‌ಮೆಂಟಿನಲ್ಲಿ ಶಾಂತ ನಾಯಕತ್ವಕ್ಕೆ ಉದಾಹರಣೆ ಎಂದು ಬರೆದ, ಹತ್ತಕ್ಕೆ ಏಳು ಬಂತು.

ಮೊದಲ ಏಟು ಯಾರದು, ವರದಿಯಲ್ಲಿ ಇದು ಸ್ಪಷ್ಟವಿರಬೇಕು, ನವೀನನದು, ಅನುಮಾನವೇ ಇಲ್ಲ, ಧರ್ಮಪ್ಪ ನೆಲಕ್ಕೆ ಕಾಲಿಡುವ ಮೊದಲೇ ನವೀನ ಲಿವರನ್ನು ಅಡ್ಡ ಬೀಸಿದ, ಅದು ಬಾಯಿಗೆ ಬಿತ್ತು, ಸರಿಯಾಗಿ ಆ ಮುಚ್ಚಿದ ಗೀರಿನ ಮೇಲೆ, ಸದ್ದು ಗಾಜಿನದ್ದಕ್ಕಿಂತ ದೊಡ್ಡದಿತ್ತು, ತೆಂಗಿನಕಾಯಿಯ ಸದ್ದು, ಧರ್ಮಪ್ಪ ಬಾಗಿಲಿನ ಸರಳು ಹಿಡಿದುಕೊಂಡೇ ಜೋಲಿ ಹೊಡೆದು ಮಂಡಿಯೂರಿದ, ಬೆಳಿಗ್ಗೆ ಯಾವುದೋ ಬಸ್ಸಿನ ಚಕ್ರದಡಿ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಿ ಅಲ್ಲೇ ನೆಲಕ್ಕೆ ಅಂಟಿಕೊಂಡಿತ್ತು, ಅದರ ಪಕ್ಕ ಏನೋ ಬೆಳ್ಳಗೆ ಬಿತ್ತು, ನಿಂಬೆಬೀಜ ಇಷ್ಟು ದೊಡ್ಡದಿರುತ್ತದಾ ಎಂದುಕೊಂಡ ಕಾಂತೇಶ, ಬೀಜವಲ್ಲ, ಹಲ್ಲು — ನಿಲ್ಸೀ ಎಂದು ಕೂಗಿದ, ನಿಲ್ಸ್ರೋ, ನಿಲ್ಸೀ, ಸೈಕಲ್ ಬೆಲ್ಲು ಎರಡು ಸಲ ಬಾರಿಸಿದ ಹಾಗಾಯಿತು, ಅವನ ಮುಂದೆಯೇ ನಿಂತಿದ್ದ ಬಸರೀಕಟ್ಟೆ ಕಡೆಯ ತೋಟದಾಳುಗಳೂ ತಿರುಗಿ ನೋಡಲಿಲ್ಲ, ಗಣಪಯ್ಯ ಮಾತ್ರ ಸೌಟು ಹಿಡಿದುಕೊಂಡೇ, ನೀವು ಒಳಗೆ ಬನ್ನಿ ಮಾರಾಯ್ರೆ, ನಿಮಗೆ ಯಾಕೆ, ಅದು ಬಸ್ಸಿನೋರ ಗಲಾಟೆ ಎಂದ, ಬಸ್ಸಿನವರದಂತೆ, ಹಾಗಾದರೆ ಇವನು ಯಾರು, ಮೂರು ಬಸ್ಸಿನ ಅಟೆಂಡರು, ಓಡಿ ಹೋಗಿ ನಡುವೆ ನಿಲ್ಲಬೇಕು, ಅದು ನಾನು ಮಾಡಿದ ಫೋನು, ನಾನು, ನನ್ನ ಮೇಲೆ ಹಾಕಿ ಎನ್ನಬೇಕು, ಎಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಸಂಸ್ಥೆಯಿಲ್ಲ, ಸಂಸ್ಥೆಯಿಲ್ಲದಿದ್ದರೆ ವರದಿಯಿಲ್ಲ, ಪೊಲೀಸರು ಯಜಮಾನರ ಹೆಸರಲ್ಲಿ ಫೋನು ಮಾಡಿದ್ದಕ್ಕೆ ಯಾವ ಸೆಕ್ಷನ್ ಹಾಕುತ್ತಾರೋ, ಕಾಲಿಗೆ ಹೇಳಿದ, ಹೋಗು ಎಂದು ಹೇಳಿದ, ಕಾಲೂ ಅವನ ದನಿಗೆ ಏಳಲಿಲ್ಲ.

ಧರ್ಮಪ್ಪ ಎದ್ದ. ಸೀಟಿನಡಿಯಿಂದ ತನ್ನ ಲಿವರನ್ನು ಎಳೆದುಕೊಂಡು ಎದ್ದ, ಹಿಂದಿನಿಂದ ತೆಕ್ಕೆ ಹಾಕಿದ ಹಳದಿ ಬಸ್ಸಿನ ಕ್ಲೀನರನನ್ನು ಮೊಣಕೈಯಲ್ಲಿ ತಿವಿದ, ಅವನು ಗಟಾರದೊಳಗೆ ಕೂತ, ಇನ್ನೊಬ್ಬನ ಭುಜಕ್ಕೆ ಬಿತ್ತು, ಕೂಗು, ಬುಟ್ಟಿಯೊಂದು ಉರುಳಿ ಬದನೆಕಾಯಿ ಕಾಲಡಿಗೆಲ್ಲ ಹರಡಿ ಪಚಕ್ ಪಚಕ್ ಎಂದವು, ಇದು ಧರ್ಮಪ್ಪನೇ ಹೌದಾ, ತಿರುವಿನಲ್ಲಿ ದನ ಅಡ್ಡ ಬಂದರೆ ಹಾರ್ನು ಮಾಡದೆ ಕಾಯುವ ಧರ್ಮಪ್ಪ, ಆಯುಧಪೂಜೆಯ ದಿನ ಯಜಮಾನರ ಷೆಡ್ಡಿನಲ್ಲಿ ಕಾಂತೇಶ ಎಲ್ಲರ ದನಿ ತೆಗೆದು ಕುಣಿದಾಗ, ಯಜಮಾನರೇ ತಮ್ಮ ಹ್ಞೂಂ ಕೇಳಿ ಕಣ್ಣೀರು ಒರೆಸಿಕೊಂಡು ನಕ್ಕಾಗ, ಒಬ್ಬನೇ ನಗದೆ ಮೂಲೆಯಲ್ಲಿ ನಿಂತು ಮುಚ್ಚಿದ ಬಾಯಲ್ಲಿ ದೃಷ್ಟಿ ಕೀಳದೆ ನೋಡಿದ್ದ ಧರ್ಮಪ್ಪ, ಇವತ್ತು ಕಬ್ಬಿಣ ಬೀಸುವಾಗ ಅವನ ತೋಳು ಎಷ್ಟು ಸಲೀಸಾಗಿದೆ, ಗೇರು ಬದಲಿಸಿದ ಹಾಗೆ, ಒಂದು, ಎರಡು, ನ್ಯೂಟ್ರಲ್ಲು, ಮತ್ತೆ ಒಂದು — ಯಜಮಾನರು ಹೇಳಿದಾರೆ, ಬಸ್ ತೆಗಿಯಲ್ಲ, ಯಜಮಾನರು ಹೇಳಿದಾರೆ, ಎನ್ನುತ್ತಿದ್ದ, ಒಡೆದ ಬಾಯಿಂದ ರಕ್ತದ ಜೊತೆ ಆ ಒಂದೇ ಮಾತು ಗುಳುಗುಳು ಬರುತ್ತಿತ್ತು, ಕಾಂತೇಶನ ಬೆನ್ನಿನಲ್ಲಿ ಚಳಿ ಎದ್ದಿತು, ಚಳಿಯ ಕೆಳಗೆ ಇನ್ನೊಂದು ಏನೋ ಇತ್ತು, ಹೇಳಬಾರದು, ಬೆಚ್ಚಗೆ ಇತ್ತು ಅದು, ನಾನು ಹೇಳಿದೆ, ಒಬ್ಬ ಮನುಷ್ಯ ಹಲ್ಲು ಉದುರಿಸಿಕೊಂಡೂ ಕದಲುತ್ತಿಲ್ಲ, ಬ್ಯಾಂಕಿನವನೇ, ಬಾ, ನೋಡು, ಎದ್ದು ನಿಂತಿದ್ದಾನೆ ಒಬ್ಬ.

ಆಮೇಲೆ ನವೀನ ಜಾರಿದ, ಬದನೆಕಾಯಿಯ ಮೇಲೆ ಕಾಲಿಟ್ಟು ಜಾರಿ, ಬಸ್ಸಿನ ಫುಟ್‌ಬೋರ್ಡಿನ ಮೇಲೆ ಬಲಗೈ ಚಾಚಿಕೊಂಡು ಬಿದ್ದ, ಅವನ ಲಿವರು ಚಕ್ರದಡಿಗೆ ಉರುಳಿಹೋಯಿತು, ಧರ್ಮಪ್ಪ ಅವನ ಎದೆಯ ಮೇಲೆ ಮಂಡಿಯೂರಿದ, ಅಲ್ಲಿಗೆ ಕಾಂತೇಶನ ಬೆಚ್ಚಗಿನದು ಆರಿಹೋಯಿತು, ಕೈ ಮುರಿ, ಆ ಕೈ ಮುರಿ, ತಾನು ಹೇಳಿದ ಮಾತು ಅಲ್ಲಿ ಕಬ್ಬಿಣವಾಗಿ ಮೇಲೇಳುತ್ತಿದೆ, ಯಾರೋ ಇಬ್ಬರು ಆ ತೋಳಿಗೆ ಜೋತುಬಿದ್ದು ಜಗ್ಗುತ್ತಿದ್ದಾರೆ, ಫೋನು, ನಾಣ್ಯ, ಗಣಪಯ್ಯ ನಾಣ್ಯ ಕೊಡು ಬೇಗ, ನರಸಿಂಹರಾಜಪುರದ ಮನೆಯ ನಂಬರು ಒತ್ತಿದ, ನಿಜವಾದ ಯಜಮಾನರೇ ಮಾತಾಡಲಿ, ನಿಜವಾದ ದನಿಯೇ ಬರಲಿ, ಆ ಕಡೆ ಎತ್ತಿದ್ದು ನೀಲಾಂಬಿಕೆ ಅಮ್ಮನವರು, ಸೋಮವಾರ ಯಾವಾಗಲೂ ಅವರೇ ಎತ್ತುವುದು, ಅಮ್ಮಾ ಯಜಮಾನರಿಗೆ ಕೊಡಿ ಬೇಗ ಎಂದ, ಅವರು ನಿಧಾನವಾಗಿ, ಪೂಜೆಗೆ ಕೂತಿದಾರಲ್ಲಪ್ಪ, ಈಗ ಮಾತಾಡಲ್ಲ, ಮಧ್ಯಾಹ್ನ ಮಾಡು ಎಂದು ಇಟ್ಟೇಬಿಟ್ಟರು, ಅಲ್ಲಿ ಗಂಟೆ, ಧೂಪ, ಬಿಲ್ವಪತ್ರೆ, ಇಲ್ಲಿ — ಉಳಿದಿದ್ದು ಒಂದೇ ದಾರಿ, ಕಟ್ಟಿದ ಗಂಟನ್ನು ಕಟ್ಟಿದ ದನಿಯಿಂದಲೇ ಬಿಚ್ಚುವುದು, ಏಜೆನ್ಸಿಯ ನಂಬರು ಒತ್ತಿದ, ಗಂಟೆ ಹೊಡೆಯಿತು, ಗಲಾಟೆಯ ಮೇಲೆ ಟ್ರಿಣ್ ಟ್ರಿಣ್ ಎಂದು ಹೊಡೆಯುತ್ತಲೇ ಇತ್ತು, ಕೊನೆಗೆ ಕಂಡಕ್ಟರ್ ರಂಗಪ್ಪ ಕೋಣೆಯೊಳಗೆ ನುಗ್ಗಿ ಎತ್ತಿದ, ಗದ್ದ ಎದೆಗೆ, ಹ್ಞೂಂ, ರಂಗಪ್ಪಾ, ಬಸ್ ತೆಗೀರಿ, ಅವನನ್ನು ಬಿಟ್ಟುಬಿಡು ಅಂತ ಧರ್ಮಪ್ಪನಿಗೆ ಹೇಳು, ಈಗಲೇ ಹೇಳು, ಕೈ ಮಾಡಬೇಡ ಅಂತ ಹೇಳು. ಇಷ್ಟು ಚೆನ್ನಾಗಿ ಯಜಮಾನರು ಅವನ ಗಂಟಲಿಗೆ ಎಂದೂ ಬಂದಿರಲಿಲ್ಲ, ರಂಗಪ್ಪ ರಿಸೀವರನ್ನು ಜೋತುಬಿಟ್ಟು ಬಾಗಿಲಿಗೆ ಓಡಿ ಕಿರುಚಿದ, ಧರ್ಮಣ್ಣಾ, ಯಜಮಾನ್ರ ಫೋನು, ಬಿಡಬೇಕಂತೆ, ಬಸ್ ತೆಗೀಬೇಕಂತೆ.

ಜಗ್ಗುತ್ತಿದ್ದವರನ್ನು ಕೊಡವಿಕೊಂಡ ಧರ್ಮಪ್ಪನ ತೋಳು ಮೇಲೆಯೇ ನಿಂತಿತು. ಅವನು ಏಜೆನ್ಸಿ ಕೋಣೆಯ ಕಡೆ ನೋಡಲಿಲ್ಲ. ರಂಗಪ್ಪನ ಕಡೆ ನೋಡಲಿಲ್ಲ. ಕತ್ತು ನಿಧಾನ ತಿರುಗಿಸಿ, ಸ್ಟ್ಯಾಂಡಿನ ಅಷ್ಟೂ ಜನರ ತಲೆಗಳ ಮೇಲಿಂದ, ಗಣಪಯ್ಯನ ಅಂಗಡಿಯ ಕಂಬದ ಕಡೆ ನೋಡಿದ, ರಿಸೀವರು ಹಿಡಿದು ಗದ್ದ ಎದೆಗೊತ್ತಿ ನಿಂತ ಕಾಂತೇಶನನ್ನು ನೋಡಿದ, ಇಲ್ಲ ಎನ್ನುವಂತೆ ಸ್ವಲ್ಪವೇ ತಲೆ ಆಡಿಸಿದ, ಮಗ್ಗಿ ತಪ್ಪು ಹೇಳಿದ ಹುಡುಗನಿಗೆ ಮೇಷ್ಟ್ರು ಆಡಿಸುವ ಹಾಗೆ, ಆಮೇಲೆ ತೋಳು ಕೆಳಗೆ ಬಂತು. ಮೊಣಕೈಯ ಮೇಲೆ. ಹಸಿ ಬಿದಿರು ಸೀಳಿದ ಸದ್ದು. ಯಾವ ಕೈ ಒಂದು ತಿಂ‍ಗಳ ಹಿಂದೆ ಟೊಪ್ಪಿ ಕೆಡವಿತ್ತೋ ಆ ಕೈ ಫುಟ್‌ಬೋರ್ಡಿನಿಂದ ಬೇರೆ ಯಾವುದೋ ದಿಕ್ಕಿಗೆ ನೇತಾಡಿತು, ನವೀನನ ಕೂಗು ಬರಲು ಸ್ವಲ್ಪ ತಡವಾಯಿತು, ಬಂದಾಗ ಹಳದಿ ಬಸ್ಸಿನ ಹಾರ್ನು ತಾನಾಗಿ ನಿಂತಿತು, ಆ ಕೂಗು ಕಾಂತೇಶ ಎಂದಿಗೂ ತೆಗೆಯಲಾಗದ ದನಿ, ಯಾರ ಗಂಟಲಿಗೂ ಸೇರದ ದನಿ, ಅವನ ಕಿವಿ ಮಾತ್ರ ಹೇಸಿಗೆಯಿಲ್ಲದೆ ಅದನ್ನು ಕಲಿಯುತ್ತಿತ್ತು, ಎಲ್ಲಿ ಏರಿತು, ಎಲ್ಲಿ ಬಿರಿಯಿತು. ಧರ್ಮಪ್ಪ ಲಿವರನ್ನು ಮಡಿಸಿದ ಟವೆಲ್ಲಿನಂತೆ ಮೆಲ್ಲಗೆ ಸೀಟಿನಡಿ ಇಟ್ಟ, ಕೀಲಿಕೈ ಕಿತ್ತು ಮುಷ್ಟಿಯಲ್ಲಿ ಹಿಡಿದ, ಮೆಟ್ಟಿಲ ಮೇಲೆ ಕೂತ, ಕೂತಲ್ಲೇ ಪಕ್ಕಕ್ಕೆ ವಾಲಿದ.

ಈಗ ಬಾಡಿಗೆ ಜೀಪು. ಕೊಪ್ಪದ ಆಸ್ಪತ್ರೆಯಲ್ಲಿ ಹತ್ತಿ ತುರುಕಿ, ದವಡೆ ಮುರಿದ ಹಾಗಿದೆ, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು, ನವೀನನನ್ನು ಬೇರೆ ವ್ಯಾನಿನಲ್ಲಿ ಮೊದಲೇ ಕಳಿಸಿದ್ದರು, ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಸೇರಿಸಬೇಡಿ ಎಂದು ಪೊಲೀಸಿನವನು ತಮಾಷೆ ಮಾಡಿದ, ಮುಂದೆ ಡ್ರೈವರಿನ ಪಕ್ಕ ರಂಗಪ್ಪ, ಹಿಂದೆ ಉದ್ದ ಸೀಟಿನಲ್ಲಿ ಧರ್ಮಪ್ಪ, ಅವನ ತಲೆ ಕಾಂತೇಶನ ತೊಡೆಯ ಮೇಲೆ, ನಿನ್ನೆ ಕ್ಲಾಸಿಗೆ ಹೋದ ಅದೇ ರಸ್ತೆ, ಅದೇ ತಿರುವುಗಳು, ನಿನ್ನೆ ಒಂದೊಂದು ತಿರುವಿಗೂ ಒಂದೊಂದು ಏಟು ಹೊಡೆದಿದ್ದ, ಇವತ್ತು ಒಂದೊಂದು ತಿರುವಿಗೂ ತೊಡೆಯ ಮೇಲೆ ಒಂದಿಷ್ಟು ಬೆಚ್ಚಗೆ ಇಳಿಯುತ್ತಿದೆ, ಪ್ಯಾಂಟು ತೊಡೆಗೆ ಅಂಟಿಕೊಂಡಿದೆ, ಪೊಲೀಸರು ಕೇಳುತ್ತಾರೆ, ಬಸ್ ಅಡ್ಡ ಹಾಕು ಎಂದವರು ಯಾರು, ಇವನು ಯಜಮಾನ್ರು ಎನ್ನುತ್ತಾನೆ, ಯಜಮಾನರು ಮಾತೇ ಆಡಿಲ್ಲ ಎನ್ನುತ್ತಾರೆ, ಆಗ — ಬಾಯಿಗೆ ಸುತ್ತಿದ ಬಟ್ಟೆ ಕೆಂಪಾಗಿ ಕಪ್ಪಾಗುತ್ತಿದೆ, ಅದರ ಹಿಂದೆ ಆ ಗೀರು ಇನ್ನಿಲ್ಲ — ಧರ್ಮಣ್ಣಾ ಎಂದ ಕಾಂತೇಶ. ಧರ್ಮಣ್ಣಾ, ಆ ಫೋನು.

ಧರ್ಮಪ್ಪ ಕಣ್ಣು ತೆರೆದ. ಬಟ್ಟೆಯನ್ನು ಬೆರಳಲ್ಲಿ ಕೆಳಕ್ಕೆ ಸರಿಸಿದ. ಇವತ್ತು ಎಂತ ವಾರ ಮಾರಾಯ ಎಂದು ಕೇಳಿದ, ಮಾತು ಹಲ್ಲಿಲ್ಲದ ಸಂದಿನಿಂದ ಗಾಳಿಯಾಗಿ ಬಂತು. ಸೋಮವಾರ ಎಂದ ಕಾಂತೇಶ. ಸೋಮವಾರ ಯಜಮಾನ್ರು ಪೂಜೆ ಮುಗ್ದು ಊಟ ಆಗೋತನಕ ಬಾಯೇ ಬಿಡಲ್ಲ, ಎಂದ ಧರ್ಮಪ್ಪ, ಮೌನವ್ರತ, ಬಸ್ ತೆಗಿವಾಗ ಪತ್ರೆ ಬುಟ್ಟಿ ಕೊಡೋನು ನಾನೇ ಅಲ್ಲನಾ, ಕೈಸನ್ನೆ ಮಾಡಿ ಕಳಿಸ್ತಾರೆ, ನೀನು ಬೆಳಿಗ್ಗೆ ಬಸ್ಸಿಗೆ ಒಂದಿನಾನೂ ಬಂದೋನಲ್ಲ, ನಿಂಗೆ ಹ್ಯಾಂಗೆ ಗೊತ್ತಾಗ್ಬೇಕು. ಒಂದು ತಿರುವು ಕಳೆಯಿತು. ಮೊದಲನೇ ಹ್ಞೂಂಗೇ ಗೊತ್ತಾಯ್ತು ನೀನು ಅಂತ.

ಮತ್ತೆ ಯಾಕಣ್ಣಾ ಅಡ್ಡ ಹಾಕ್ದೆ, ಎಂದು ಕಾಂತೇಶ ಕೇಳಿದ, ಕೇಳಿದನೋ ಇಲ್ಲವೋ, ತುಟಿ ಅಲ್ಲಾಡಿತು. ಯಾರಾದ್ರೂ ಒಬ್ರು ಹೇಳ್ಬೇಕಿತ್ತಲ ಮಾರಾಯ, ಎಂದ ಧರ್ಮಪ್ಪ, ತಿಂಗಳಿಂದ ಕಾಯ್ತಿದ್ದೆ, ಯಾರೂ ಹೇಳ್ಲಿಲ್ಲ, ಹೆಂಡ್ತಿ ಹೇಳ್ಲಿಲ್ಲ, ಮಗಳು ಹೇಳ್ಲಿಲ್ಲ, ನೀನು ಹೇಳ್ದೆ, ಅದಕ್ಕೇ ಇನ್ನೊಂದ್ಸಲ ಹೇಳ್ಸಿದ್ದು — ಇನ್ನೊಂದ್ಸಲ, ಅದು ಚಪ್ಪಾಳೆಯಲ್ಲ, ಎಂದುಕೊಂಡ ಕಾಂತೇಶ, ಅದು — ಪೊಲೀಸ್ನೋರು ಕೇಳಿದ್ರೆ ಫೋನು ಬಂದಿತ್ತು ಅಂತೀನಿ, ಅದು ಸುಳ್ಳಲ್ಲ, ಯಾರ್ದು ಅಂತ ನೀನೇ ಹೇಳ್ಕೋ, ನಂಗೇನು. ಎರಡನೇ ಫೋನು, ಎಂದ ಕಾಂತೇಶ, ಬಿಟ್ಟುಬಿಡು ಅಂದೆನಲ್ಲಣ್ಣಾ. ಅದು ನಂಗೆ ಬೇಕಿರ್ಲಿಲ್ಲ ಎಂದ ಧರ್ಮಪ್ಪ.

ಆಮೇಲೆ, ಎಲ್ಲಿ, ಒಂದ್ಸಲ ಯಜಮಾನ್ರ ಹಂಗೆ ಹೇಳು ಎಂದ. ಎಂತ ಹೇಳ್ಲಿ. ಭೇಷ್ ಧರ್ಮಪ್ಪ ಅಂತ ಹೇಳು. ಮುಂದಿನ ಸೀಟಿನಿಂದ ರಂಗಪ್ಪ ತಿರುಗಿ ನೋಡಿದ, ಕಾಂತೇಶ ಗದ್ದವನ್ನು ಎದೆಗೊತ್ತಿದ, ಗಂಟಲು ಸರಿಮಾಡಿದ, ಹ್ಞೂಂ ಬರಲಿಲ್ಲ, ಬಾವಿಗೆ ಕೊಡ ಇಳಿಸಿದರೆ ತಳ ಬರೀ ಕಲ್ಲು, ಯಜಮಾನರಿಲ್ಲ, ಮೇಡಂ ಇಲ್ಲ, ಬ್ಯಾಂಕಿನವನಿಲ್ಲ, ಇನ್ನೊಮ್ಮೆ ಒತ್ತಿದ, ಭೇಷ್ ಧರ್ಮಪ್ಪ ಎಂದ, ಸೈಕಲ್ ಬೆಲ್ಲು, ತೆಳ್ಳನೆಯ ಸೈಕಲ್ ಬೆಲ್ಲು, ಜೀಪಿನ ಡ್ರೈವರು ಕಿಸಕ್ಕೆಂದ, ರಂಗಪ್ಪ ಏನೂ ಅರ್ಥವಾಗದೆ ನಕ್ಕ, ಆಗ ತೊಡೆಯ ಮೇಲೆ ಏನೋ ಅದುರಿತು, ಮೊದಲು ನೋವು ಎಂದುಕೊಂಡ, ನೋವಲ್ಲ, ಧರ್ಮಪ್ಪ ನಗುತ್ತಿದ್ದ, ಇಷ್ಟು ವರ್ಷ ಯಾವ ದನಿಗೂ ನಗದವನು ನಗುತ್ತಿದ್ದ, ಎಂಜಿನ್ನಿನ ಸದ್ದಿಗಿಂತ ಜೋರಾಗಿ, ರಂಗಪ್ಪನ ನಗುವನ್ನು ಮುಳುಗಿಸಿ, ಹತ್ತಿ ಕಿತ್ತು ಹೊರಗೆ ಬಂತು, ಕೀಲಿಕೈ ಮುಷ್ಟಿಯಲ್ಲಿ ಗಲಗಲ ಎಂದಿತು, ಮತ್ತೆ ಯಾವಾಗ ಮಾಡ್ತೀಯ ಫೋನು ಎಂದು ನಗುವಿನ ನಡುವೆ ಕೇಳಿದ, ಅವನನ್ನು ನಿಲ್ಲಿಸಬೇಕು, ನಿಲ್ಸಣ್ಣಾ ಎನ್ನಬೇಕು, ಯಾರ ದನಿಯಲ್ಲಿ ಎನ್ನಬೇಕು, ವರದಿಯ ಮೊದಲ ಸಾಲು, ಇದು ನಿಜವಾಗಿ ನಡೆದ, ಮುಂದಿನ ಪದ ಬರುತ್ತಿಲ್ಲ, ನಿಜವಾಗಿ ನಡೆದ, ತಿರುವು, ತೊಡೆಯ ಮೇಲೆ ಬಾಯಿ, ಮುಚ್ಚಿದ್ದ ಬಾಯಿ, ಗೀರಿನಂಥ ಬಾಯಿ, ಈಗ ಅಷ್ಟಗಲ ತೆರೆದು, ಕೆಂಪಗೆ, ನಡುವೆ ಕಪ್ಪು ಸಂದು, ಆ ಸಂದಿನಲ್ಲಿ ನಗು, ಬಾಯಿ, ತೆರೆದ ಬಾಯಿ, ಮತ್ತೆ ತಿರುವು, ಬಾಯಿ —